ಕೌಲಾಲಂಪುರದಲ್ಲಿ ಒಂದು ಹಗಲು

ಗಡಹಿಂಗ್ಲಜ,
12 ಆಗಸ್ಟ್ 2025

ಮಗಳು ಸ್ನೇಹಲಳಿಗೆ ಅವ್ವ ಮಾಯವ್ವ ಬರೆಯುವುದು,

ಕೂಸಿನ ಫೋಟೋ ನೋಡಿದೆ. ವಿಕಾಸ ಮೊಬೈಲನ್ನು ನನ್ನ ಕೈಗೆ ಕೊಟ್ಟವನು ಸಂಜೆಯ ತನಕ ತಿರುಗಿ ಕೇಳಲಿಲ್ಲ. ನಿನ್ನ ತಮ್ಮನಿಗೆ ಅಷ್ಟಾದರೂ ಬುದ್ಧಿ ಬಂದಿದೆ. ಮೂಗು ಮಾತ್ರ ನಿಮ್ಮಪ್ಪನದು. ಹೆಣ್ಣು ಕೂಸಿಗೆ ಆ ಮೂಗು ಬರಬಾರದಿತ್ತು. ಇರಲಿ, ಎರೆಯುವಾಗ ದಿನಾ ಎಣ್ಣೆ ಹಚ್ಚಿ ಎರಡು ಬೆರಳಿನಿಂದ ತಿದ್ದಿದರೆ ಸರಿಹೋಗುತ್ತದೆ. ತಿದ್ದುವವರು ಹತ್ತಿರ ಇರಬೇಕು, ಅಷ್ಟೆ.

ಫೋನಿನಲ್ಲಿ ಮಾತಾಡಿದರೆ ಈ ಕಡೆ ವಿಕಾಸ ಕಿವಿ ಇಟ್ಟಿರುತ್ತಾನೆ, ಆ ಕಡೆ ನಿನ್ನ ಗಂಡ ಶುಭಮ. ಅದಕ್ಕೇ ಹಾಳೆಯ ಮೇಲೆ ಬರೆದು, ವಿಕಾಸನ ಕೈಯಿಂದ ಫೋಟೋ ತೆಗೆಸಿ ಕಳಿಸುತ್ತಿದ್ದೇನೆ. ಅವನಿಗೂ ನಿನ್ನ ಗಂಡನಿಗೂ ಮರಾಠಿ ಬಿಟ್ಟರೆ ನಮ್ಮ ಕನ್ನಡ ಅಕ್ಷರ ಬರುವುದಿಲ್ಲ. ಸಂಕೇಶ್ವರದ ಸಾಲೆಯಲ್ಲಿ ನಾನು ಕಲಿತ ನಾಲ್ಕು ಅಕ್ಷರ ನಿನಗೆ ಕಲಿಸಿದ್ದು ಈಗ ಉಪಯೋಗಕ್ಕೆ ಬಂತು. ಹಾಳೆಯ ಮೇಲೆ ಸಾಲೆಯ ಭಾಷೆಯಲ್ಲೇ ಬರೆಯಬೇಕು ಎಂದು ನಮ್ಮ ಮಾಸ್ತರರು ಬಡಿದು ಕಲಿಸಿದ್ದಾರೆ, ನಗಬೇಡ.

ಚೊಚ್ಚಲ ಬಾಣಂತನ ತವರಿನದು. ನನ್ನ ಪಾಸ್‌ಪೋರ್ಟ್ ಮೇ ತಿಂಗಳಲ್ಲೇ ಬಂದು ಟ್ರಂಕಿನಲ್ಲಿ ಕೂತಿದೆ. ನೀನು ಬಾ ಎಂದಿದ್ದರೆ ಬರುತ್ತಿದ್ದೆ. ಆದರೆ "ಇಲ್ಲಿ ಹೆರಿಗಿಗೆ ಯಾರನ್ನೂ ಬಿಡೂದಿಲ್ಲವ್ವ, ದವಾಖಾನಿಯವರ ಎಲ್ಲಾ ಮಾಡತಾರ" ಎಂದುಬಿಟ್ಟೆ. ಎಂಥ ದೇಶವೋ ಏನೋ. ಕುರಿ ಈಯುವಾಗಲೂ ನಾವು ಹತ್ತಿರ ಕೂತು ಬೆನ್ನು ಸವರುತ್ತೇವೆ.

ನನ್ನ ಮದುವೆಯ ಇಳಕಲ್ ಸೀರೆಯ ಸೆರಗು ಕತ್ತರಿಸಿ ಕುಂಚಿಗೆ ಹೊಲಿದಿದ್ದೇನೆ. ಒಳಗೆ ಈ ಸಲದ ಮರಿಗಳ ಮೊದಲ ಉಣ್ಣೆ ತುಂಬಿದ್ದೇನೆ. ಕೂಸಿನ ತಲೆಯಿಂದ ಬೆನ್ನಿನ ತನಕ ಬೆಚ್ಚಗಿರುತ್ತದೆ. ಕೂಸಿಗೆ ಮೊದಲ ಕುಂಚಿಗೆ ತಾಯಿಯ ತಾಯಿಯೇ ತೊಡಿಸಬೇಕು, ನಿನಗೂ ನಮ್ಮವ್ವ ತೊಡಿಸಿದ್ದಳು.

ಮೊನ್ನೆ ಇಚಲಕರಂಜಿಗೆ ಹೋಗಿದ್ದೆ. ಹೆಣ್ಣು ಕೂಸು ಹುಟ್ಟಿದೆ, ಬೀಗತಿಗೆ ಬರ್ಫಿ ಕೊಟ್ಟು ಬರೋಣ ಎಂದು. ಮನೆಗೆ ಕೀಲಿ ಹಾಕಿತ್ತು. ನಿಮ್ಮತ್ತೆ ಮನಿಷಾಬಾಯಿ ಎಲ್ಲಿಗೆ ಹೋಗಿದ್ದಾರೆ, ನಿನಗೇನಾದರೂ ಗೊತ್ತೇ? ಬರ್ಫಿಯನ್ನು ಬಸ್ಸಿನಲ್ಲಿ ನಾನೇ ತಿಂದೆ.

ನಿನ್ನ ಅವ್ವ

•

ಮೆಲ್ಬರ್ನ್,
21 ಆಗಸ್ಟ್ 2025

ಅವ್ವಾ,

ಉತ್ತರ ಬರೆಯಲು ತಡವಾಯಿತು. ಕೂಸು ಹಗಲೆಲ್ಲ ಮಲಗುತ್ತದೆ, ಆಮೇಲೆ ನಮ್ಮನ್ನು ಮಲಗಗೊಡುವುದಿಲ್ಲ. ನನ್ನ ಕನ್ನಡ ಬರವಣಿಗೆಗೂ ತುಕ್ಕು ಹಿಡಿದಿದೆ. ತಪ್ಪು ಕಂಡರೆ ಮನ್ನಿಸು.

ನೀನು ಚಿಂತೆ ಮಾಡಬೇಡ, ಇಲ್ಲಿ ಎಲ್ಲ ವ್ಯವಸ್ಥೆ ಇದೆ. ಆಸ್ಪತ್ರೆಯಿಂದ ಒಬ್ಬ ನರ್ಸ್ ಮನೆಗೇ ಬಂದು ನೋಡಿಕೊಂಡು ಹೋಗುತ್ತಾಳೆ. ಕೂಸಿಗೆ ಎರೆಯುವುದು ಶುಭಮನ ಕೆಲಸ. ಕಾಗಲದಲ್ಲಿ ಲಾರಿ ಇಂಜಿನ್ ಬಿಚ್ಚುವುದನ್ನು ಕಲಿತವನ ಕೈ, ಆದರೂ ಕೂಸನ್ನು ಹೂವಿನಂತೆ ಹಿಡಿಯುತ್ತಾನೆ. ಅಡುಗೆಯೂ ಅವನೇ ಮಾಡುತ್ತಾನೆ. ಬೇರೆ ಯಾರೂ ಇಲ್ಲ. ನಾವಿಬ್ಬರೇ ಹೇಗೋ ನಡೆಸಿದ್ದೇವೆ.

ಅತ್ತೆಯವರು ಸೊಲ್ಲಾಪುರದ ನಾದಿನಿಯ ಮನೆಗೆ ಹೋಗಿರಬೇಕು. ಹೋಗುತ್ತೇನೆ ಎಂದಿದ್ದ ನೆನಪು. ಅವರಿಗೆ ಮೊಣಕಾಲು ನೋವು ಬೇರೆ. ನೀನು ಸುಮ್ಮನೆ ಇಚಲಕರಂಜಿ ತನಕ ಯಾಕೆ ಹೋದೆ? ಮೊದಲೇ ನನಗೆ ಹೇಳಿದ್ದರೆ ಬೇಡ ಎನ್ನುತ್ತಿದ್ದೆ.

ಸಂತೋಷದ ಸುದ್ದಿ ಈಗ. ನಿನ್ನ ಟಿಕೆಟ್ ಮಾಡಿದ್ದೇವೆ. ಸೆಪ್ಟೆಂಬರ್ 25ರ ರಾತ್ರಿ ಮುಂಬೈ ಬಿಟ್ಟರೆ ಮರುದಿನ ಮುಂಜಾನೆ ಮಲೇಶಿಯಾದ ಕೌಲಾಲಂಪುರ. ಅಲ್ಲಿಂದ ಇಲ್ಲಿಗೆ ವಿಮಾನ ರಾತ್ರಿ ಇದೆ. ನಡುವೆ ಒಂದು ಹಗಲು ನಿನಗೆ ಬಿಡುವು. ನೀನು ಜೀವನದಲ್ಲಿ ಕುರಿಯ ಹಿಂದೆ ಬಿಟ್ಟು ಬೇರೆ ಯಾವ ಪ್ರವಾಸ ಮಾಡಿದ್ದೀ? ಆ ಊರು ನೋಡಬೇಕಾದ ಊರು. ಏನೇನು ನೋಡಬೇಕು ಎಂದು ನಾನು ಎಲ್ಲ ಬರೆದು ಕಳಿಸುತ್ತೇನೆ.

ಸ್ನೇಹಲ

•

ಗಡಹಿಂಗ್ಲಜ,
30 ಆಗಸ್ಟ್ 2025

ಸ್ನೇಹಲ,

ನಿನ್ನ ಕಾಗದ ಎರಡು ಸಲ ಓದಿದೆ. ತಪ್ಪೇನೂ ಕಾಣಲಿಲ್ಲ, ಅಕ್ಷರ ದುಂಡಗಿವೆ.

ವಿಕಾಸ ಮೊಬೈಲಿನಲ್ಲಿ ಹುಡುಕಿ ನೋಡಿದ. "ಅವ್ವ, ಒಂದ ತಾಸಿನ್ಯಾಗ ಇಳದು ಹತ್ತೂ ವಿಮಾನನೂ ಅದಾವು, ಅಕ್ಕ ಯಾಕ ಇಡೀ ಹಗಲ ಕುಂದರಸ್ಯಾಳ?" ಎಂದು ಕೇಳಿದ. ನಿನ್ನ ಅಕ್ಕನಿಗೆ ಅವ್ವ ಊರು ನೋಡಲಿ ಎಂಬ ಆಸೆ, ನಿನಗೆ ಹೊಟ್ಟೆಕಿಚ್ಚು ಎಂದು ಬಾಯಿ ಮುಚ್ಚಿಸಿದೆ.

ನನಗೆ ಹೆದರಿಕೆ ಇಲ್ಲ ಎಂದರೆ ಸುಳ್ಳಾಗುತ್ತದೆ. ಆದರೆ ಹಿಂಡು ಹೊಡೆದುಕೊಂಡು ಗುರುತಿಲ್ಲದ ಊರುಗಳನ್ನು ಎಷ್ಟು ದಾಟಿದ್ದೇನೆ, ಇದೂ ಒಂದು ಊರು. ಅಲ್ಲಿ ಹಿಂಡಿಲ್ಲ, ನಾನೊಬ್ಬಳೇ, ಅಷ್ಟೆ ಫರಕು. ನಿಮ್ಮಪ್ಪ ಧೋಂಡಿಬಾ ಮಾತ್ರ ಊರ ತುಂಬ ಹೇಳಿಕೊಂಡು ತಿರುಗುತ್ತಿದ್ದಾನೆ, "ನಮ್ಮಾಕಿ ಎರಡು ದೇಶಕ್ಕ ಹೊಂಟಾಳ" ಎಂದು.

ನಿನಗೆ ಒಂದು ಮಾತು. ನನಗೆ ಹೇಳಬೇಕಾದದ್ದು ಏನಾದರೂ ಉಳಿದಿದ್ದರೆ ಈ ಹಾಳೆಯ ಮೇಲೆ ಹೇಳು. ನೀನು, ನಾನು ಬಿಟ್ಟರೆ ಇದನ್ನು ಓದುವವರಿಲ್ಲ. ನಾನು ಸಿಟ್ಟಿನವಳು ಹೌದು, ಆದರೆ ಸಿಟ್ಟು ಮಾಡಿ ಬಿಡುತ್ತೇನೆ, ಇಟ್ಟುಕೊಳ್ಳುವುದಿಲ್ಲ.

ಅವ್ವ

•

ಮೆಲ್ಬರ್ನ್,
14 ಸೆಪ್ಟೆಂಬರ್ 2025

ಅವ್ವಾ,

ಹೇಳುವುದು ಏನೂ ಉಳಿದಿಲ್ಲ. ಊರು ನೋಡುವ ವಿಷಯ ಒಂದೇ ಉಳಿದಿದೆ. ಈ ಕಾಗದವನ್ನು ವಿಕಾಸನಿಗೆ ಹೇಳಿ ದೊಡ್ಡ ಅಕ್ಷರದಲ್ಲಿ ಪ್ರಿಂಟ್ ತೆಗೆಸಿ ಕುಪ್ಪಸದಲ್ಲಿ ಇಟ್ಟುಕೋ. ಬೇರೆ ಹಾಳೆಯಲ್ಲಿ ಎರಡು ಜಾಗದ ಹೆಸರನ್ನು ಇಂಗ್ಲಿಷಿನಲ್ಲೂ ಬರೆದಿದ್ದೇನೆ. ದಾರಿ ತಪ್ಪಿದರೆ ಯಾರಿಗಾದರೂ ತೋರಿಸು. ಆ ಊರಿನ ಜನ ಮೆತ್ತಗೆ ಮಾತಾಡುತ್ತಾರೆ, ಗದರುವುದಿಲ್ಲ.

ವಿಮಾನ ಇಳಿದ ಮೇಲೆ ಎಲ್ಲರೂ ಹೋದ ಕಡೆಗೇ ಹೋಗು. ನಮ್ಮ ದೇಶದವರಿಗೆ ಅಲ್ಲಿ ವೀಸಾ ಬೇಕಿಲ್ಲ, ಪಾಸ್‌ಪೋರ್ಟಿಗೆ ಒಂದು ಮುದ್ರೆ ಒತ್ತಿ ಬಿಡುತ್ತಾರೆ. ತುಂಬಬೇಕಾದದ್ದನ್ನೆಲ್ಲ ಇಲ್ಲಿಂದ ನಾನೇ ತುಂಬಿದ್ದೇನೆ. ದೊಡ್ಡ ಬ್ಯಾಗು ನೇರವಾಗಿ ಮೆಲ್ಬರ್ನಿಗೇ ಬರುತ್ತದೆ, ನಿನ್ನ ಕೈಯಲ್ಲಿ ಗಂಟೊಂದೇ ಇರಲಿ. ಕೆಳಗೆ ಇಳಿದರೆ ರೈಲು. ನಮ್ಮ ಮಿರಜ-ಕೊಲ್ಹಾಪುರ ಗಾಡಿಯಂತೆ ಜಯಸಿಂಗಪುರದಲ್ಲಿ ಒಮ್ಮೆ, ಹಾತಕಣಂಗಲೆಯಲ್ಲಿ ಒಮ್ಮೆ ನಿಂತು ಉಸಿರು ಬಿಡುವ ಗಾಡಿಯಲ್ಲ. ಹತ್ತಿದರೆ ಊರ ನಡುವಿನ ದೊಡ್ಡ ಸ್ಟೇಷನ್ನಿಗೇ ತಂದು ಇಳಿಸುತ್ತದೆ.

ಅಲ್ಲಿ ಇಳಿದು, ಅದೇ ಸ್ಟೇಷನ್ನಿನಲ್ಲಿ ಗುಡ್ಡದ ಗುಡಿಗೆ ಹೋಗುವ ಇನ್ನೊಂದು ಗಾಡಿ ಹತ್ತು. ಬಾತು ಕೇವ್ಸ್ ಎಂದು ಕೇಳು. ಅದೇ ಕೊನೆಯ ಸ್ಟೇಷನ್, ತಪ್ಪುವ ಭಯವಿಲ್ಲ. ಸ್ಟೇಷನ್ ಹೊರಗೇ ಹಸಿರು ಬಣ್ಣದ ಎತ್ತರದ ಮಾರುತಿ ನಿಂತಿದ್ದಾನೆ. ಮುಂದೆ ನಡೆದರೆ ಆಕಾಶ ಮುಟ್ಟುವ ಬಂಗಾರ ಬಣ್ಣದ ದೇವರು, ಬದಿಯಲ್ಲಿ ಬಣ್ಣಬಣ್ಣದ ಮೆಟ್ಟಿಲು, ಮೇಲೆ ಗವಿ. ತಮಿಳರ ದೇವರು. ಮೆಟ್ಟಿಲು ಹತ್ತುವುದು ಬೇಡ, ಕೆಳಗಿನಿಂದಲೇ ಕೈ ಮುಗಿ. ಮಂಗಗಳಿವೆ, ಗಂಟನ್ನು ಕಂಕುಳಲ್ಲಿ ಹಿಡಿದುಕೋ. ಗುಡಿಯ ಮುಂದೆ ಎಲೆಯಲ್ಲಿ ಇಡ್ಲಿ, ದೋಸೆ ಕೊಡುವ ಖಾನಾವಳಿಗಳಿವೆ. ಪೂರಾ ಶಾಕಾಹಾರ. ಹೊಟ್ಟೆ ತುಂಬ ಉಣ್ಣು. ಎಳನೀರೂ ಸಿಗುತ್ತದೆ.

ಮಧ್ಯಾಹ್ನದ ಮೇಲೆ ತಿರುಗಿ ಊರೊಳಗೆ ಬಂದು ಜೋಡಿ ಗೋಪುರ ನೋಡು. ಎರಡು ಉಕ್ಕಿನ ಗೋಪುರ, ನಡುವೆ ಒಂದು ಸೇತುವೆ. ಒಳಗೆ ಹೋಗಬೇಡ, ಅಂಗಡಿಗಳಲ್ಲಿ ಕಳೆದುಹೋಗುತ್ತೀ. ಹಿಂದೆ ಒಂದು ತೋಟವಿದೆ, ಕಾರಂಜಿ ಇದೆ, ಕೂಡಲು ಕಟ್ಟೆ ಇದೆ. ಅಲ್ಲಿ ಕೂತು ಕಾಲು ಚಾಚು. ಅಲ್ಲಿ ಮಳೆಗೆ ಹೊತ್ತುಗೊತ್ತಿಲ್ಲ, ಕೊಡೆ ಮರೆಯಬೇಡ. ಬೆಳಕಿರುವಾಗಲೇ ಏರ್‌ಪೋರ್ಟಿನ ರೈಲು ಹತ್ತಿಬಿಡು.

ನಾನೂ ಶುಭಮನೂ ಇಲ್ಲಿಗೆ ಬರುವಾಗ ಅದೇ ತೋಟದಲ್ಲಿ ಕೂತಿದ್ದೆವು. ನಿನಗೆ ತೋರಿಸಬೇಕು ಎಂದು ಆಗಲೇ ಅನಿಸಿತ್ತು. ಆ ಕಟ್ಟೆಯ ಮೇಲೆ ಕೂತಾಗ ನನ್ನನ್ನು ಒಮ್ಮೆ ನೆನೆಸಿಕೋ. ನೀನು ಅಲ್ಲಿ ಕೂತರೆ ನಾನು ನಿನ್ನ ಪಕ್ಕದಲ್ಲೇ ಕೂತ ಹಾಗೆ.

ಸ್ನೇಹಲ

•

ಗಡಹಿಂಗ್ಲಜ,
23 ಡಿಸೆಂಬರ್ 2025

ಸ್ನೇಹಲ,

ಸುಖವಾಗಿ ಮುಟ್ಟಿದೆ. ವಿಕಾಸ ಮುಂಬೈಗೆ ಬಂದಿದ್ದ. ನೀನು ಕಟ್ಟಿಕೊಟ್ಟ ಬಿಸ್ಕೀಟು ನಿಮ್ಮಪ್ಪನಿಗೆ ಸೇರಲಿಲ್ಲ, ನಾಯಿಗೂ ಸೇರಲಿಲ್ಲ. ಮೂರು ತಿಂಗಳು ನಿನ್ನ ಮನೆಯಲ್ಲಿ ಇದ್ದುದರಿಂದ ನನಗೆ ಇಲ್ಲಿಯ ಚಳಿ ಹೊಸದಾಗಿ ಕಾಣುತ್ತಿದೆ. ಕೂಸಿಗೆ ಸಂಜೆ ದೃಷ್ಟಿ ತೆಗೆಯುವುದನ್ನು ಬಿಡಬೇಡ. ನಾಳೆ ನಿಮ್ಮಪ್ಪನ ಜೊತೆ ಹಿಂಡು ಇದ್ದಲ್ಲಿಗೆ, ಶಿರೋಳಕ್ಕೆ ಹೋಗುತ್ತೇನೆ.

ಅವ್ವ

•

ಮೆಲ್ಬರ್ನ್,
29 ಡಿಸೆಂಬರ್ 2025

ಅವ್ವಾ,

ನಿನ್ನ ಕಾಗದ ಬಂತು. ಅದರಲ್ಲಿ ಏನಾದರೂ ಇರುತ್ತದೆ ಎಂದು ನಾನು ಕಾದಿದ್ದೆ. ಬಿಸ್ಕೀಟು, ನಾಯಿ, ದೃಷ್ಟಿ ಬಿಟ್ಟರೆ ಏನೂ ಇರಲಿಲ್ಲ. ಇನ್ನು ನನ್ನಿಂದ ಆಗುವುದಿಲ್ಲ. ನೀನು ಬಯ್ಯಬೇಕಿತ್ತು ಅವ್ವಾ. ಮೂರು ತಿಂಗಳು ಒಂದೇ ಮನೆಯಲ್ಲಿ ಇದ್ದು ಆ ಬಗ್ಗೆ ಒಂದು ಮಾತೂ ಆಡಲಿಲ್ಲ.

ನೀನು ಬಂದ ದಿನ ಬೆಳಿಗ್ಗೆ ಶುಭಮ ನಿನ್ನನ್ನು ಕರೆತರಲು ಹೋಗಿದ್ದ. ಮುಂಬೈಯಿಂದ ಅತ್ತೆಯ ಫೋನ್ ಬಂತು. "ಅಗ ಸ್ನೇಹಲ, ತುಝೀ ಆಯೀ ಭೇಟಲೀ" ಎಂದರು. ನಿನ್ನ ಅವ್ವ ಸಿಕ್ಕಿದ್ದಳು ಎಂದು! ನಗುತ್ತ, ಖುಷಿಯಿಂದ ಹೇಳಿದರು. ಇಡೀ ಹಗಲು ನೀವಿಬ್ಬರೂ ಕೂಡಿಯೇ ಊರು ನೋಡಿದ್ದು, ಒಂದೇ ಎಲೆಯಲ್ಲಿ ದೋಸೆ ತಿಂದದ್ದು. ಆಮೇಲೆ ಅವರೇ ಕನ್ನಡಕ್ಕೆ ಹೊರಳಿ ಹೇಳಿದರು, "ಪಾಪ, ಪಾಸಪೋರ್ಟ ತಡಾ ಆತಂತ ನಿಮ್ಮವ್ವಂದು. ಇಲ್ಲಾಂದ್ರ ಹೆರಿಗಿಗೆ ಬರಾಕಿದ್ಲಂತ. ಭಾಳ ಹಳಹಳಿಸಿದ್ಲು."

ನಿನ್ನ ಪಾಸ್‌ಪೋರ್ಟ್ ತಡವಾಗಿದೆ ಎಂದು ಅತ್ತೆಗೆ ಸುಳ್ಳು ಹೇಳಿದವಳು ನಾನು. ಇಲ್ಲಿ ಯಾರನ್ನೂ ಬಿಡುವುದಿಲ್ಲ ಎಂದು ನಿನಗೆ ಸುಳ್ಳು ಹೇಳಿ, ಜುಲೈಯಲ್ಲೇ ಅತ್ತೆಯನ್ನು ಕರೆಸಿಕೊಂಡಿದ್ದೆ. ನೀನು ಅಲ್ಲಿ ಗುಡಿಯ ಮುಂದೆ ನಿಂತು ನನ್ನ ಸುಳ್ಳನ್ನು ನಿನ್ನ ತಲೆಯ ಮೇಲೆ ಹೊತ್ತುಕೊಂಡೆ.

ಯಾಕೆ ಮಾಡಿದೆ ಎಂದರೆ, ಅತ್ತೆ ಸರಕಾರಿ ದವಾಖಾನೆಯಲ್ಲಿ ನರ್ಸ್ ಆಗಿದ್ದವರು, ನನಗೆ ಹೆರಿಗೆಯ ಭಯವಿತ್ತು. ಇದು ಅರ್ಧ ನಿಜ. ಉಳಿದ ಅರ್ಧವನ್ನೂ ಬರೆಯುತ್ತೇನೆ. ಇಲ್ಲಿಯ ಡಾಕ್ಟರ ಮುಂದೆ ನೀನು ಸೆರಗಿನ ಗಂಟು ಬಿಚ್ಚಿ ಭಂಡಾರದ ಅರಿಶಿನ ತೆಗೆದು ನನ್ನ ಹೊಟ್ಟೆಗೆ ಹಚ್ಚುತ್ತೀ, ಬೀರಪ್ಪನ ಹೆಸರು ಕೂಗುತ್ತೀ ಎಂದು ನನಗೆ ನಾಚಿಕೆಯಾಯಿತು. ನಿನ್ನ ಬಗ್ಗೆ ನಾಚಿಕೆಯಾಯಿತು.

ನೀನು ಬರುವ ಮೊದಲು ಅವರು ಹೋಗಿರಬೇಕು ಎಂದು ನಿನ್ನನ್ನು ಆ ಊರಿನಲ್ಲಿ ಒಂದು ಹಗಲು ಕೂರಿಸಿದೆ. ಊರು ನೋಡಲಿ ಎಂದಲ್ಲ. ಅತ್ತೆಯೂ ಅದೇ ಹಗಲು ಅದೇ ಊರಿನಲ್ಲಿ ಇಳಿದು ಮುಂಬೈ ವಿಮಾನ ಹತ್ತಬೇಕಿತ್ತು. ಆ ಒಂದು ಹಗಲನ್ನು ನಿಮ್ಮಿಬ್ಬರ ನಡುವೆ ಗೋಡೆ ಎಂದುಕೊಂಡಿದ್ದೆ. ಗೋಡೆಯೊಳಗೆ ಇಬ್ಬರೂ ಇರುತ್ತೀರಿ ಎಂದು ಹೊಳೆದಿತ್ತು, ಆದರೂ ಅಷ್ಟು ದೊಡ್ಡ ಊರು, ಯಾರು ಯಾರಿಗೆ ಸಿಗುತ್ತಾರೆ ಎಂದೆ. ಕಣ್ಣು ಮುಚ್ಚಿ ಹಾಲು ಕುಡಿಯುವ ಬೆಕ್ಕಿನಂತೆ. ಹೊರಡುವ ದಿನ ಅತ್ತೆ, ನನಗೂ ಏನು ನೋಡಬೇಕು ಬರೆದುಕೊಡು ಎಂದರು. ನನಗೆ ಆ ಊರಲ್ಲಿ ಗೊತ್ತಿದ್ದದ್ದು ಅಷ್ಟೇ. ನಿನಗೆ ಬರೆದದ್ದನ್ನೇ ಮರಾಠಿಯಲ್ಲಿ ಬರೆದುಕೊಟ್ಟೆ.

ಇನ್ನೂ ಒಂದಿದೆ. ಆ ಬಂಗಾರ ಬಣ್ಣದ ದೇವರು ಕಾರ್ತಿಕಸ್ವಾಮಿ ಎಂದು ನನಗೆ ಗೊತ್ತಿರಲಿಲ್ಲ. ಅಲ್ಲಿ ಮುರುಗನ್ ಎನ್ನುತ್ತಿದ್ದರು. ನಮ್ಮ ಕಡೆ ಹೆಣ್ಣುಮಕ್ಕಳು ಮುಖ ನೋಡಬಾರದ ದೇವರ ಎದುರಿಗೆ ಇಬ್ಬರು ತಾಯಂದಿರನ್ನು ಕಳಿಸಿದೆ ಎಂದು ಅತ್ತೆ ಫೋನಿನಲ್ಲಿ ನಕ್ಕರು. ನನಗೆ ನಗು ಬರಲಿಲ್ಲ.

ನೀನು ಬಂದವಳೇ ಕೂಸನ್ನು ಎತ್ತಿಕೊಂಡು ಮೂಗು ನೋಡಿದೆ. "ಯಾರು ತಿದ್ದ್ಯಾರೋ, ಕೈ ಛಲೋ ಐತಿ" ಎಂದೆ. ನಾನು ಶುಭಮ ಎಂದೆ. ಎಲ್ಲ ಗೊತ್ತಿದ್ದವಳ ಮುಂದೆ ಮತ್ತೆ ಸುಳ್ಳು ಹೇಳಿದೆ. ಅತ್ತೆ ಮಾಡಿಟ್ಟಿದ್ದ ಬಾಣಂತಿಯ ಅಂಟಿನ ಉಂಡೆಯ ಡಬ್ಬಿಯನ್ನು ಆ ಬೆಳಿಗ್ಗೆಯೇ ಕಸಕ್ಕೆ ಸುರಿದಿದ್ದೆ. ಅದಕ್ಕೂ ಪಾಪ ಹತ್ತುತ್ತದೆ.

ನಿನ್ನ ಕುಂಚಿಗೆಯನ್ನು ಇಲ್ಲಿಯ ಏರ್‌ಪೋರ್ಟಿನವರು ಉಣ್ಣೆ ಇದೆ ಎಂದು ತೆಗೆದುಕೊಂಡರಲ್ಲ, ಮೊದಲೇ ಎಚ್ಚರಿಸಿದ್ದರೆ ಉಳಿಯುತ್ತಿತ್ತು. ಅದೂ ನನ್ನ ತಪ್ಪೇ. ಬಯ್ದು ಬರಿ ಅವ್ವಾ. ಬಯ್ಯದಿದ್ದರೆ ನಾನು ಹೇಗಿರಲಿ?

ಸ್ನೇಹಲ

•

ಶಿರೋಳ,
11 ಜನವರಿ 2026

ಸ್ನೇಹಲ,

ಕಬ್ಬು ಕಡಿದ ಹೊಲದಲ್ಲಿ ಹಿಂಡು ತರುಬಿ ನಿಲ್ಲಿಸಿದ್ದೇವೆ. ನಿಮ್ಮಪ್ಪ ಹೊಲದ ಒಡೆಯನ ಜೊತೆ ಚಹಾ ಕುಡಿಯುತ್ತ ಮಲೇಶಿಯಾದ ಸುದ್ದಿ ಹೇಳುತ್ತಿದ್ದಾನೆ, ತಾನೇ ಹೋಗಿ ಬಂದವನ ಹಾಗೆ. ನಾನು ಬಿಸಿಲಿಗೆ ಕೂತು ಬರೆಯುತ್ತಿದ್ದೇನೆ.

ನೀನು ಬಯ್ಯು ಎಂದೆಯಲ್ಲ, ಮೊದಲು ಆ ಹಗಲಿನದು ಕೇಳು.

ನೀನು ಬರೆದಂತೆಯೇ ಇಳಿದೆ, ಹತ್ತಿದೆ, ಮತ್ತೆ ಇಳಿದೆ. ಹಸಿರು ಮಾರುತಿ ಕಂಡ. ಕೈ ಮುಗಿದು ಮುಂದೆ ನಡೆದೆ. ಬಂಗಾರದ ಪಾದ ಕಂಡಿತು, ಎಲ್ಲರೂ ತಲೆ ಎತ್ತಿ ನೋಡುತ್ತಿದ್ದರು. ನಾನೂ ಎತ್ತಬೇಕು, ಅಷ್ಟರಲ್ಲಿ ಕೈಯ ಈಟಿ ಕಂಡಿತು, ಗುಡಿಯ ಗೋಡೆಯ ಮೇಲೆ ನವಿಲು ಕಂಡಿತು. ಈಟಿ, ನವಿಲು ಎಂದರೆ ಕಾರ್ತಿಕಸ್ವಾಮಿ ಅಲ್ಲದೆ ಮತ್ತಾರು? ಆತನ ಮುಖ ನೋಡಿದ ಹೆಂಗಸಿಗೆ ಏಳು ಜನ್ಮ ಮುತ್ತೈದೆತನವಿಲ್ಲ ಎಂದು ನಮ್ಮವ್ವ ಹೇಳುತ್ತಿದ್ದಳು. ಸೆರಗು ಕಣ್ಣಿನ ಮೇಲೆ ಎಳೆದುಕೊಂಡು ತಿರುಗಿ ಬಂದು ಮಾರುತಿಯ ಎದುರಿಗೆ, ಆ ದೇವರಿಗೆ ಬೆನ್ನು ಮಾಡಿ ಕೂತೆ. ಸಾವಿರ ಜನ ಆ ಕಡೆ ನೋಡುತ್ತಿದ್ದಾರೆ, ಈ ಕಡೆ ನೋಡುವವಳು ನಾನೊಬ್ಬಳೇ.

ಸ್ವಲ್ಪ ಹೊತ್ತಿಗೆ ಇನ್ನೊಬ್ಬ ಹೆಂಗಸು ಮುಖ ಮುಚ್ಚಿಕೊಂಡು ಏಡಿಯಂತೆ ಅಡ್ಡಡ್ಡ ನಡೆಯುತ್ತ ಬಂದು ನನ್ನ ಪಕ್ಕದಲ್ಲೇ ದೊಪ್ಪನೆ ಕೂತಳು. ಇವಳು ನಮ್ಮ ಕಡೆಯವಳೇ, ಬೇರೆ ಕಡೆಯವಳು ಆಗಲಾರಳು ಎಂದುಕೊಂಡೆ. ಸೆರಗು ಸರಿಸಿದಳು. ನಿಮ್ಮತ್ತೆ!

"ಅಯ್ಯ, ಬೀಗತಿ! ನೀವೂ ಬೆನ್ನ ಮಾಡಿ ಕುಂತೀರಿ?" ಎಂದರು. ಇಬ್ಬರಿಗೂ ನಗು ತಡೆಯಲಾಗಲಿಲ್ಲ. ಗಂಡ ತೀರಿಕೊಂಡು ಎಷ್ಟೋ ವರ್ಷವಾದ ಹೆಂಗಸು, "ಈ ಜನ್ಮದ್ದು ಮುಗದೈತಿ ಬಿಡ್ರಿ, ಮುಂದಿನ ಜನ್ಮಕ್ಕರ ಇರಲಿ ಅಂತ ನೋಡಲಿಲ್ಲ" ಎಂದರು. ಒಳ್ಳೆಯ ಹೆಂಗಸು ಅವರು. ನಾನು ಅವರ ಮೇಲೆ ಸಿಟ್ಟಾಗಬೇಕೆಂದರೂ ಆಗಲಿಲ್ಲ.

ಈಗ ನೀನು ತಿಳಿಯದ ಮಾತು ಕೇಳು. ಅವರು ನಿನ್ನ ಹತ್ತಿರ ಇದ್ದದ್ದು ನನಗೆ ಅಲ್ಲಿ ತಿಳಿದದ್ದಲ್ಲ. ಆಗಸ್ಟಿನಲ್ಲಿ ಬರ್ಫಿ ಹಿಡಿದು ಇಚಲಕರಂಜಿಗೆ ಹೋದಾಗಲೇ ಪಕ್ಕದ ಮನೆಯ ದುಂಡವ್ವ ಹೇಳಿದ್ದಳು, "ಸೊಸಿ ಬಾಣಂತನಕ್ಕ ಹೋಗ್ಯಾರಲ್ರಿ, ನಿಮಗ ಗೊತ್ತಿಲ್ಲೇನು?" ಗೊತ್ತಿದೆ, ಮರೆತಿದ್ದೆ ಎಂದೆ. ಮಗಳ ಬಾಣಂತನ ಮರೆಯುವ ತಾಯಿ ಎಲ್ಲಾದರೂ ಇದ್ದಾಳೆಯೇ? ಆಮೇಲೆ ಎರಡು ಸಲ ನಿನಗೆ ಕೇಳಿದೆ, ಹೇಳುವುದಿದ್ದರೆ ಹೇಳು ಎಂದು. ನೀನು ಊರು ನೋಡುವ ದಾರಿ ಹೇಳಿದೆ.

ಅದಕ್ಕೇ ಬೀಗತಿ "ಪಾಸಪೋರ್ಟ ತಡಾ ಆತಂತಲ್ರಿ?" ಎಂದಾಗ ನಾನು ತಡವರಿಸಲಿಲ್ಲ. "ಹೌದ್ರಿ, ಭಾಳ ತಡಾ ಆತು" ಎಂದೆ. ನನ್ನ ಮಗಳು ಸುಳ್ಳಿ ಎಂದು ಅವಳ ಅತ್ತೆಗೆ ತಿಳಿಯುವುದಕ್ಕಿಂತ ನಾನು ಸುಳ್ಳಿಯಾದರೆ ಏನು ಹೋಗುತ್ತದೆ? ನಿನ್ನ ಹೆರಿಗೆಯ ಸುದ್ದಿ ಹೇಳಿದರು. ನೋವು ತಿನ್ನುವಾಗ ಅವರ ಕೈ ಕೊಡವಿ ಅವ್ವಾ ಅವ್ವಾ ಎಂದು ಒದರಿದೆಯಂತೆ. ಹಡೆಯುವಾಗ ಎಲ್ಲರೂ ಹಾಗೇ ಒದರುತ್ತಾರೆ, ಅದರಲ್ಲೇನಿದೆ ಎಂದೆ. ಹೇಳಿ, ನನ್ನ ಪಾಲಿನ ದೋಸೆಯನ್ನು ಅವರ ಕಡೆಗೆ ಸರಿಸಿದೆ.

ಆಮೇಲೆ ಮೊಬೈಲಿನಲ್ಲಿ ಕೂಸಿನ ಫೋಟೋ ತೋರಿಸಿದರು. ಕೂಸು ಕೆಂಪು ಕುಂಚಿಗೆ ತೊಟ್ಟಿತ್ತು. "ನೀವು ಇರಲಿಲ್ಲಲ್ರಿ, ಅದಕ್ಕ ನಾನ ಹೊಲದೆ" ಎಂದರು. ನನ್ನದು ಕಂಕುಳಲ್ಲಿ ಗಂಟಿನೊಳಗೇ ಇತ್ತು. ಚೆಂದ ಹೊಲಿದಿದ್ದೀರಿ ಎಂದೆ.

ಮಧ್ಯಾಹ್ನ ಆ ಜೋಡಿ ಗೋಪುರ ನೋಡಿ ಹಿಂದಿನ ತೋಟದಲ್ಲಿ ಕೂತೆವು. ಬೀಗತಿ ನೀನು ಬರೆದುಕೊಟ್ಟ ಹಾಳೆ ತೆಗೆದು, ಎಲ್ಲ ನೋಡಿದ್ದಾಯಿತೇ ಎಂದು ದೊಡ್ಡದಾಗಿ ಓದಿದರು. ಕೊನೆಯ ಸಾಲೂ ಓದಿದರು. ಆಯೀ, ಆ ಕಟ್ಟೆಯ ಮೇಲೆ ಕೂತಾಗ ನನ್ನನ್ನು ನೆನೆಸಿಕೋ, ನೀನು ಕೂತರೆ ನಾನು ಪಕ್ಕದಲ್ಲೇ ಕೂತ ಹಾಗೆ. ಓದಿ ಕಣ್ಣು ಒರೆಸಿಕೊಂಡರು. ನನ್ನ ಕುಪ್ಪಸದಲ್ಲಿ ಅದೇ ಸಾಲು ಕನ್ನಡದಲ್ಲಿತ್ತು.

ಅತ್ತೆಯನ್ನು ಕರೆಸಿದ್ದಕ್ಕೆ ನನಗೆ ಬೇಸರವಾಗಿತ್ತು. ಭಂಡಾರಕ್ಕೆ ನಾಚಿದ್ದು ಈಗ ತಿಳಿಯಿತು, ಅದಕ್ಕೂ ಬೇಸರವಾಯಿತು. ಆದರೆ ಒಳಗೆ ಸುಟ್ಟದ್ದು ಆ ಒಂದು ಸಾಲು. ಎಲ್ಲ ಅವರಿಗೆ ಕೊಟ್ಟಿದ್ದೀ, ಹೋಗಲಿ, ಅದೊಂದಾದರೂ ನನ್ನದು ಎಂದು ಎದೆಯ ಹತ್ತಿರ ಇಟ್ಟುಕೊಂಡು ತಿರುಗಿದ್ದೆ.

ಬೀಗತಿ ನೀರು ತರಲು ಎದ್ದು ಹೋದರು. ಮಳೆ ಬಂತು. ನನ್ನ ಎದುರಿಗೆ ಆ ಊರಿನ ಒಬ್ಬ ಹುಡುಗಿ ಸಣ್ಣ ಕೂಸನ್ನು ಎದೆಗೆ ಅಪ್ಪಿಕೊಂಡು ಮರದ ಕೆಳಗೆ ಓಡಿ ಬಂದಳು. ಕೂಸಿನ ತಲೆ ತೊಯ್ದಿತ್ತು. ನಾನು ಗಂಟು ಬಿಚ್ಚಿ ಕುಂಚಿಗೆ ತೆಗೆದು ಆ ಕೂಸಿಗೆ ತೊಡಿಸಿದೆ. ತಿರುಗಿ ಕೇಳಲಿಲ್ಲ. ಮಳೆ ನಿಂತ ಮೇಲೆ ಆಕೆ ಬಿಚ್ಚಿ ಕೊಡಲು ಬಂದಳು, ನಾನು ಬೇಡ ಎಂದು ಕೈ ಆಡಿಸಿದೆ. ಆ ಸೆಖೆಯ ಊರಿನಲ್ಲಿ ಉಣ್ಣೆಯ ಕುಂಚಿಗೆ!

ಏರ್‌ಪೋರ್ಟಿನವರು ಕುಂಚಿಗೆ ತೆಗೆದುಕೊಂಡರು ಎಂದು ನಿನಗೆ ಹೇಳಿದ್ದು ಸುಳ್ಳು. ಅವರು ನನ್ನ ಗಂಟನ್ನು ಬಿಚ್ಚಿ ನೋಡಿದರು, ಒಳಗೆ ಏನೂ ಇರಲಿಲ್ಲ.

ಇನ್ನು ಸಾಲೆಯ ಭಾಷೆ ಸಾಕು. ಅದು ದಾನ ಅಂತ ತಿಳೀಬ್ಯಾಡ, ಸ್ನೇಹಲ. ಸಿಟ್ಟಿಲೆ ಕೊಟ್ಟೆ. ಮೂರ ತಿಂಗಳ ನಿನ್ನ ಮನ್ಯಾಗ ನಾ ಬಾಯಿ ಬಿಡಲಿಲ್ಲಲ್ಲ, ನಿನಗ ಶಿಕ್ಷಾ ಕೊಡಾಕಲ್ಲ. ಬಯ್ಯಬೇಕಂತ ದಿನಾ ಅಂದಕೊಂತಿದ್ದೆ. ಕೂಸಿಗೆ ಎರದು ತೊಡಿಮ್ಯಾಲ ಹಾಕ್ಕೊಂಡ್ರ, ಕುಂಚಗಿ ಇಲ್ಲದ ಬರೇ ತಲಿ ಕಾಣತಿತ್ತು. ನಿಮ್ಮವ್ವ ಸುಳ್ಳ ಹೇಳಿದ್ಲು, ನಿನ್ನ ಅಜ್ಜಿ ಏನ ಮಾಡಿದ್ಲು ಅಂತ ಕೂಸಿಗೆ ಮನಸಿನ್ಯಾಗ ಅಂತಿದ್ದೆ. ಆ ತಲಿ ಮುಂದ ನನ್ನ ಬಾಯಿ ಕಟ್ಟತಿತ್ತು. ನಿನ್ನ ತಪ್ಪ ನಿನ್ನ ಕಡೆ ಇರಲಿ, ನನ್ನ ತಪ್ಪ ನನ್ನ ಕಡೆ. ಒಂದಕ್ಕೊಂದು ವಜಾ ಆಗೂದಿಲ್ಲ ಅವು.

ಮೊನ್ನಿ ಬೀಗತಿ ಇಲ್ಲಿಗೆ ಬಂದಿದ್ರು, ಹಿಂಡ ನೋಡಾಕ. ಇನ್ನೊಂದು ಕುಂಚಗಿ ಹೊಲೀತೇನಿ ಅಂದೆ, ಅಂಚ ನಾ ಹಚ್ಚತೇನಿ ಅಂದಾರ. ಅವರಿಗೆ ಏನೂ ಹೇಳಿಲ್ಲ, ನೀನೂ ಹೇಳಬ್ಯಾಡ. ಸೀರಿ ಸೆರಗ ಇನ್ನೂ ಅರ್ಧ ಉಳದೈತಿ. ಕೂಸು ಬೆಳದೈತಿ, ನನ್ನ ಹಳೇ ಅಳತಿ ನಡ್ಯೂದಿಲ್ಲ. ಒಂದ ದಾರ ತಗೊಂಡು ಹಣಿಯಿಂದ ಬೆನ್ನತನಾ ನೀನ ಅಳದು ಬರಿ.

ಖರೇ ಅಳತಿ ಬರಿ. ಇಲ್ಲಿಂದ ನಾ ನೋಡಾಕ ಆಗೂದಿಲ್ಲ.

ನಿನ್ನ ಅವ್ವ